ಕಿಟಕಿ ಮುಚ್ಚಿಕೊಂಡ ರಾತ್ರಿ

2023ರ ಅಕ್ಟೋಬರ್‌ನಲ್ಲಿ ಒಂದು ದಿನ ನಿಮ್ಮ ಮೊಬೈಲ್ ಇದ್ದಕ್ಕಿದ್ದಂತೆ ಕಿರುಚಿಕೊಂಡಿದ್ದು ನೆನಪಿದೆಯಾ? ನಾವಾಗ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆವು. ಸೈಲೆಂಟ್‌ಗೆ ಹಾಕಿದ್ದ ಫೋನುಗಳೂ ಸೇರಿ ರೂಮಿನ ಎಲ್ಲಾ ಫೋನೂ ಒಟ್ಟಿಗೇ ಬಡಿದುಕೊಂಡವು. ನೋಡಿದರೆ ಸರ್ಕಾರದ ತುರ್ತು ಸಂದೇಶ. ಇದು ಪರೀಕ್ಷೆ ಮಾತ್ರ, ಗಾಬರಿಯಾಗಬೇಡಿ ಅಂತ. ಎಲ್ಲರೂ ನಕ್ಕೆವು. ಸಂಜೆಯೊಳಗೆ ಅದರ ಮೇಲೆ ಹತ್ತಾರು ಮೀಮ್ ಬಂದವು.

ಅದರ ಹೆಸರು ಸೆಲ್ ಬ್ರಾಡ್‌ಕಾಸ್ಟ್. ಎಸ್ಸೆಮ್ಮೆಸ್ ಥರ ಒಂದೊಂದೇ ನಂಬರಿಗೆ ಹೋಗುವುದಲ್ಲ. ಒಂದು ಟವರಿನ ಕೆಳಗೆ ಇರುವ ಎಲ್ಲಾ ಫೋನಿಗೂ ಏಕಕಾಲಕ್ಕೆ ಹೋಗುತ್ತದೆ. ಇಂಜಿನಿಯರ್ ಆಗಿ ನನಗೆ ಅದು ಬಹಳ ಇಷ್ಟವಾಗಿತ್ತು. ಆಮೇಲೆ ಮರೆತೂ ಹೋಯಿತು. ಮತ್ತೆ ನೆನಪಾಗಿದ್ದು ಕಳೆದ ಚಳಿಗಾಲದ ಒಂದು ರಾತ್ರಿ, ನನ್ನ ಫೋನು ಕಿರುಚಬೇಕಾಗಿದ್ದ ಹೊತ್ತಿನಲ್ಲಿ ಸುಮ್ಮನೆ ಚಾರ್ಜಿಗೆ ಬಿದ್ದಿದ್ದಾಗ.

ನನ್ನನ್ನು ಎಬ್ಬಿಸಿದ್ದು ಅಮ್ಮ. ತಿಪಟೂರಿನಿಂದ ಬಂದು ಒಂದು ವಾರವಾಗಿತ್ತು. ಅವರಿಗೆ ಉಬ್ಬಸ ಇದೆ, ಚಳಿಗಾಲದಲ್ಲಿ ನಿದ್ದೆ ತೆಳು.

"ಏಳೋ ಮಗಾ, ಏನೋ ಸುಟ್ಟ ವಾಸನೆ. ಒಲೆ ಮೇಲೆ ಏನಾದ್ರೂ ಇಟ್ಟಿದ್ಯಾ?"

ಗಂಟೆ ಎರಡೂ ಕಾಲು. ಒಲೆ ಮೇಲೆ ಏನೂ ಇರಲಿಲ್ಲ. ಬಾಲ್ಕನಿ ಬಾಗಿಲು ತೆಗೆದೆ ನೋಡಿ, ಕಣ್ಣು ಉರಿದುಹೋಯಿತು. ಅರ್ಧ ಕಿಲೋಮೀಟರ್ ದೂರದಲ್ಲಿ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಮ್ಮ ಬಡಾವಣೆಯ ಬೆನ್ನಿಗೇ ಕೈಗಾರಿಕಾ ಪ್ರದೇಶವಿದೆ. ಅದರ ಅಂಚಿನಲ್ಲಿ ಹಳೇ ವೈರು, ಪ್ಲಾಸ್ಟಿಕ್ಕು, ಡ್ರಮ್ಮು ತುಂಬಿದ ಗುಜರಿ ಗೋಡೌನುಗಳು. ಅದರಲ್ಲೊಂದಕ್ಕೆ ಬೆಂಕಿ ಬಿದ್ದಿತ್ತು. ಇದೆಲ್ಲಾ ನನಗೆ ಗೊತ್ತಾಗಿದ್ದು ಬೆಳಗ್ಗೆ. ಆ ಹೊತ್ತಿಗೆ ಗೊತ್ತಿದ್ದದ್ದು ಇಷ್ಟೇ: ಹೊಗೆ ಮೇಲಕ್ಕೆ ಹೋಗುತ್ತಿಲ್ಲ. ರಸ್ತೆಯ ಮೇಲೆ ಹಾಸಿಗೆ ಹಾಸಿದ ಹಾಗೆ ಮಲಗಿಕೊಂಡು ನಮ್ಮ ಕಡೆಗೇ ಬರುತ್ತಿದೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ವಾಟ್ಸ್ಆ್ಯಪ್ ತೆಗೆದೆ. ಬಡಾವಣೆಯ ಗ್ರೂಪಿನಲ್ಲಿ ಆಗಲೇ 140 ಮೆಸೇಜು. ಟ್ರಾನ್ಸ್‌ಫಾರ್ಮರ್ ಸಿಡಿದಿದೆ ಅಂತ ಒಬ್ಬರು. ಕೆಮಿಕಲ್ ಫ್ಯಾಕ್ಟರಿ ಬ್ಲಾಸ್ಟ್ ಅಂತ ಇನ್ನೊಬ್ಬರು. ಒಬ್ಬ ಮಹಾನುಭಾವರು ಯಾವುದೋ ಊರಿನ ಹಳೇ ವಿಡಿಯೋ ಹಾಕಿ 'ನಮ್ಮ ಏರಿಯಾ' ಅಂತ ಬರೆದಿದ್ದರು. ಮನೆ ಬಿಟ್ಟು ಓಡಿ ಅಂತ ಕೆಲವರು, ಕಿಟಕಿ ಹಾಕಿ ಒಳಗಿರಿ ಅಂತ ಕೆಲವರು. ಸಹಾಯವಾಣಿಗೆ ಫೋನ್ ಮಾಡಿದರೆ, ಗಾಡಿ ಹೊರಟಿದೆ ಅಂದರು. ಏನು ಉರೀತಿದೆ, ನಾವೇನು ಮಾಡಬೇಕು ಅಂತ ಕೇಳಿದೆ. ಅದಕ್ಕೆ ಅವರ ಬಳಿಯೂ ಉತ್ತರ ಇರಲಿಲ್ಲ.

ಆಮೇಲೆ ಎಕ್ಯೂಐ ಆ್ಯಪ್ ತೆಗೆದೆ. 96. ತಿಳಿ ಹಸಿರು ಬಣ್ಣ. 'ಸಮಾಧಾನಕರ' ಅಂತ ಬರೆದಿತ್ತು. ಪಕ್ಕದಲ್ಲಿ ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು.

ಸರಿ, ಮೊದಲು ಕಿಟಕಿ ಹಾಕಿದೆ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದೆ. ಕೊರಿಯರ್ ಡಬ್ಬಕ್ಕೆ ಹಾಕುವ ಅಗಲ ಟೇಪ್ ಇತ್ತು, ಅದನ್ನು ಬಾತ್‌ರೂಮಿನ ವೆಂಟಿಲೇಟರಿಗೆ ಅಂಟಿಸಿದೆ. ಕೋವಿಡ್ ಕಾಲದ ಎನ್‌95 ಮಾಸ್ಕು ಡ್ರಾಯರಿನಲ್ಲಿ ಸಿಕ್ಕಿತು. ಇಷ್ಟು ಮಾಡಿ ತಿರುಗಿ ನೋಡಿದರೆ ಅಮ್ಮ ವಾಸನೆ ಹೋಗಲಿ ಅಂತ ದೇವರ ಮುಂದೆ ಊದುಬತ್ತಿ ಹಚ್ಚುತ್ತಿದ್ದಾರೆ! "ಅಮ್ಮಾ, ಅದೂ ಹೊಗೆನೇ" ಅಂದೆ. "ದೇವರ ಹೊಗೆ ಏನೂ ಮಾಡಲ್ಲ ಬಿಡೋ" ಅಂದರು. ಎರಡು ನಿಮಿಷ ವಾದ ಮಾಡಿ ಆರಿಸಿಸಿದೆ. ಒಳ್ಳೆಯ ಮಗ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ ಅನ್ನಿ.

ಆಗ ಅಮ್ಮ ಕೇಳಿದರು: "ಲೋ, ಪಕ್ಕದ ಶೆಡ್ಡಿನಲ್ಲಿ ಮಗು ಇದೆಯಲ್ಲೋ?"

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ವಾಚ್‌ಮನ್ ಅಣ್ಣ, ಅವರ ಹೆಂಡತಿ, ಮೂರು ವರ್ಷದ ಮಗಳು. ಸಿಂಧನೂರು ಕಡೆಯವರು. ತಗಡಿನ ಶೆಡ್ಡು, ಗೋಡೆಗೂ ತಗಡಿಗೂ ನಡುವಿನ ಸಂದಿಗೆ ನೀಲಿ ಟಾರ್ಪಾಲು. ಅದಕ್ಕೆ ಮುಚ್ಚಿಕೊಳ್ಳುವಂಥ ಕಿಟಕಿಯೇ ಇಲ್ಲ. ನಾನು ಬಾಲ್ಕನಿಯಲ್ಲಿ ನಿಂತು ಬೆಂಕಿ ನೋಡಿದ್ದೆ, ವಿಡಿಯೋ ಕೂಡ ಮಾಡಿದ್ದೆ. ಅದೇ ಬಾಲ್ಕನಿಯ ಕೆಳಗೆ, ಇಪ್ಪತ್ತು ಅಡಿ ದೂರದಲ್ಲಿ ಇದ್ದ ಶೆಡ್ಡು ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿರಲಿಲ್ಲ ಅನ್ನೋದಕ್ಕಿಂತ, ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮಾಸ್ಕ್ ಹಾಕಿಕೊಂಡು ಇಳಿದೆ. ಮೂವರೂ ಎದ್ದು ಕೂತಿದ್ದರು. ತಾಯಿ ಒದ್ದೆ ಟವೆಲ್ಲಿನಲ್ಲಿ ಮಗುವಿನ ಮುಖ ಮುಚ್ಚಿಕೊಂಡಿದ್ದರು.

"ಮ್ಯಾಲೆ ಬನ್ನಿ ಅಣ್ಣಾ, ಇಲ್ಲಿ ಇರಬೇಡಿ" ಅಂದೆ.

"ಬ್ಯಾಡ್ರಿ ಸರ, ನಡೀತದ. ಕಬ್ಬಣ ಬಿದ್ದೈತಿ ಇಲ್ಲಿ, ಯಾರರ ಒಯ್ದ್ರ ಓನರು ನನ್ನ ಕೇಳ್ತಾರ."

"ಮಗು ಕೆಮ್ತಾ ಇದೆಯಲ್ಲಾ?"

"ಆವಾಗಿಂದ ಕೆಮ್ಮಾಕತ್ಯಾಳ್ರಿ. ಆದ್ರ ಎಲ್ಲಿಗ್ ಹೋಗೂಣ್ರಿ? ರೋಡಿನ್ಯಾಗೂ ಇದ ಹೊಗಿ ಐತಿ."

ಕೊನೆಗೆ ಅಕ್ಕ ಮತ್ತು ಮಗು ಮೇಲೆ ಬಂದರು. ಅಣ್ಣ ಬರಲಿಲ್ಲ. ಇದ್ದ ಇನ್ನೊಂದು ಮಾಸ್ಕು ಅವರಿಗೆ ಕೊಟ್ಟು ಬಂದೆ. ಅಮ್ಮ, ಅಕ್ಕ, ಮಗು ಮೂವರೂ ಒಳರೂಮಿನಲ್ಲಿ ಬೆಳಗಾಗುವವರೆಗೆ ಕೂತಿದ್ದರು. ಬೆಳಗ್ಗೆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೆಬುಲೈಸರ್ ಕೊಟ್ಟರು, ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿತು. ವಾಚ್‌ಮನ್ ಅಣ್ಣನಿಗೆ ಮಾತ್ರ ಹತ್ತು ದಿನ ಕೆಮ್ಮು ಬಿಡಲಿಲ್ಲ.

ಯಾರೂ ಸಾಯಲಿಲ್ಲ. ಪೇಪರಿನಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಗ್ರೂಪಿನಲ್ಲಿ ಮಾರನೇ ದಿನಕ್ಕೆ ಕಸದ ಗಾಡಿ ಬರಲಿಲ್ಲ ಅನ್ನೋ ಚರ್ಚೆ ಶುರುವಾಯಿತು. ನನಗೆ ಮಾತ್ರ ಆ 96 ಅನ್ನೋ ನಂಬರು, ಆ ಟಾರ್ಪಾಲು ಎರಡೂ ತಲೆಯಿಂದ ಹೋಗಲಿಲ್ಲ. ಓದುತ್ತಾ ಕೂತೆ. ಓದಿದ್ದನ್ನು ಈ ವಾರ ನಿಮಗೂ ಹೇಳಿಬಿಡೋಣ ಅಂತ.

ಆ್ಯಪ್ ಸುಳ್ಳು ಹೇಳಲಿಲ್ಲ, ಆದರೆ...

ಮೊದಲು ಆ 96ರ ವಿಷಯ. ನಮ್ಮ ದೇಶದ ಎಕ್ಯೂಐನಲ್ಲಿ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳ ಲೆಕ್ಕ, 24 ಗಂಟೆಯ ಸರಾಸರಿ. ಸಂಜೆಯವರೆಗೂ ಗಾಳಿ ಚೆನ್ನಾಗಿದ್ದು ರಾತ್ರಿ ಎರಡಕ್ಕೆ ಹೊಗೆ ತುಂಬಿದರೆ, ಆ ಒಂದು ಕೆಟ್ಟ ಗಂಟೆ ಹಿಂದಿನ 23 ಒಳ್ಳೆ ಗಂಟೆಗಳಲ್ಲಿ ಕರಗಿಹೋಗುತ್ತದೆ. ಸರ್ವರ್ ಡೌನ್ ಆಗಿರುವಾಗ 'ಇವತ್ತಿನ ಸರಾಸರಿ ಚೆನ್ನಾಗಿದೆ' ಅಂತ ಡ್ಯಾಶ್‌ಬೋರ್ಡ್ ತೋರಿಸಿದ ಹಾಗೆ. ಅದಲ್ಲದೆ ನನ್ನ ಆ್ಯಪ್ ತೋರಿಸುತ್ತಿದ್ದ ಮಾಪನ ಕೇಂದ್ರ ನಮ್ಮ ಮನೆಯಿಂದ ಎಂಟು ಕಿಲೋಮೀಟರ್ ದೂರ. ಅಲ್ಲಿಗೆ ಈ ಹೊಗೆ ಹೋಗಿಯೇ ಇರಲಿಲ್ಲ.

ಇನ್ನೂ ಮುಖ್ಯವಾದ ಮಾತು: ಎಕ್ಯೂಐ ಲೆಕ್ಕಕ್ಕೆ ಬರುವುದು ಗೊತ್ತುಮಾಡಿದ ಎಂಟು ಮಾಲಿನ್ಯಕಾರಕಗಳು ಮಾತ್ರ. ವೈರಿನ ಮೇಲಿನ ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ನನ್ನ ಕಣ್ಣು ಉರಿದದ್ದಕ್ಕೆ ಅದೂ ಕಾರಣವಿರಬೇಕು. ಅದು ಆ ಪಟ್ಟಿಯಲ್ಲಿಲ್ಲ. ದಿನನಿತ್ಯದ ಗಾಳಿಗೆ ಎಕ್ಯೂಐ ಒಳ್ಳೆಯ ಸಾಧನವೇ. ತುರ್ತಿನ ಗಂಟೆಗೆ ಅದನ್ನು ನಂಬಿ ಕೂರಬಾರದು, ಅಷ್ಟೇ.

ಹೊಗೆ ಮಲಗಿದ್ದೇಕೆ ಅಂತಲೂ ಓದಿದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಪಾತ್ರೆಯ ಮುಚ್ಚಳದ ಹಾಗೆ ಕೂರುತ್ತದೆ. ಕೆಳಗಿನದು ಮೇಲೆ ಹೋಗಲಾರದು. ಅದೇ ಬೆಂಕಿ ಮಧ್ಯಾಹ್ನ ಬಿದ್ದಿದ್ದರೆ ಹೊಗೆ ಬಹುಪಾಲು ಮೇಲಕ್ಕೆ ಹೋಗುತ್ತಿತ್ತು.

ಸೈರನ್ ಇತ್ತು, ನಿಲ್ಲಿಸಿದರು

ಚಳಿಗಾಲದ ರಾತ್ರಿ, ನೆಲಕ್ಕಂಟಿದ ಗಾಳಿ ಅಂದ ಕೂಡಲೇ ನೆನಪಾಗುವುದು ಭೋಪಾಲ್. ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಕಥೆ. 1984ರ ಡಿಸೆಂಬರ್ 2ರ ಮಧ್ಯರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಸೋರಿತು. ಅದು ಗಾಳಿಗಿಂತ ಎರಡು ಪಟ್ಟು ಭಾರ. ತಣ್ಣನೆಯ ರಾತ್ರಿಯಲ್ಲಿ ನೆಲ ಹಿಡಿದು, ಕಾರ್ಖಾನೆಯ ಎದುರಿನ ಬಸ್ತಿಗಳ ಮೇಲೆ ಹರಿಯಿತು.

ನಾನು ಮೊದಲು ಅಂದುಕೊಂಡಿದ್ದು, ಅಲ್ಲಿ ಎಚ್ಚರಿಕೆ ಕೊಡುವ ವ್ಯವಸ್ಥೆಯೇ ಇರಲಿಲ್ಲ ಅಂತ. ಇತ್ತು ಕಣ್ರೀ. ಊರಿಗೆ ಕೇಳುವ ಸೈರನ್ ಇತ್ತು. ಹೊಡೆದರು, ಸ್ವಲ್ಪ ಹೊತ್ತಿಗೇ ನಿಲ್ಲಿಸಿದರು. ಒಳಗಿನ ಕೆಲಸಗಾರರಿಗೆ ಕೇಳುವಷ್ಟು ಸಣ್ಣ ಸೈರನ್ ಮಾತ್ರ ಮುಂದುವರಿಯಿತು. ಊರಿನವರು ಸುಮ್ಮನೆ ಗಾಬರಿಯಾಗಬಾರದು ಅನ್ನೋದು ಆ ಪದ್ಧತಿಯ ಹಿಂದಿದ್ದ ಯೋಚನೆ. ದೊಡ್ಡ ಸೈರನ್ ಮತ್ತೆ ಮೊಳಗುವ ಹೊತ್ತಿಗೆ ವಿಷ ಊರೊಳಗೆ ಹೊಕ್ಕಾಗಿತ್ತು.

ಜನ ಎದ್ದು ಓಡಿದರು. ಎಷ್ಟೋ ಜನ ಗಾಳಿ ಹೋಗುತ್ತಿದ್ದ ದಿಕ್ಕಿಗೇ ಓಡಿದರು. ಓಡಿದಷ್ಟೂ ಉಸಿರು ಜೋರು, ಉಸಿರು ಜೋರಾದಷ್ಟೂ ಒಳಗೆ ಹೋಗುವ ವಿಷ ಹೆಚ್ಚು. ಆ ಅನಿಲ ನೀರಿನೊಂದಿಗೆ ವರ್ತಿಸುವಂಥದ್ದು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ, ಗಾಳಿಯ ಜೊತೆ ಓಡಬೇಡಿ. ಈ ಎರಡು ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಅಂತ ಆಮೇಲೆ ಮತ್ತೆ ಮತ್ತೆ ಹೇಳಿದರು. ಆಸ್ಪತ್ರೆಗೆ ಬಂದವರಿಗೆ ಚಿಕಿತ್ಸೆ ಕೊಡಬೇಕಾದ ಡಾಕ್ಟರುಗಳಿಗೇ ಅದು ಯಾವ ಅನಿಲ ಅನ್ನೋದು ಸರಿಯಾಗಿ ಗೊತ್ತಿರಲಿಲ್ಲ. ಮಧ್ಯಪ್ರದೇಶ ಸರ್ಕಾರ ಖಚಿತಪಡಿಸಿದ ಸಾವು 3,787. ನಿಜವಾದ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅನ್ನುವ ಅಂದಾಜುಗಳಿವೆ. ಗಾಯಗೊಂಡವರು ಐದೂವರೆ ಲಕ್ಷಕ್ಕೂ ಮೇಲೆ.

ಅದೇ ರಾತ್ರಿ ಭೋಪಾಲ್ ರೈಲು ನಿಲ್ದಾಣದಲ್ಲಿ ಗುಲಾಂ ದಸ್ತಗೀರ್ ಎಂಬ ಅಧಿಕಾರಿ ಡ್ಯೂಟಿಯಲ್ಲಿದ್ದರು. ಜನ ತುಂಬಿದ ರೈಲೊಂದು ನಿಂತಿತ್ತು. ಅದನ್ನು ಸಮಯಕ್ಕೆ ಮೊದಲೇ ಹೊರಡಿಸಿದರು, ಇತ್ತ ರೈಲು ಕಳಿಸಬೇಡಿ ಅಂತ ಅಕ್ಕಪಕ್ಕದ ನಿಲ್ದಾಣಗಳಿಗೆ ತಿಳಿಸಿದರು. ಅನಿಲದ ಹೆಸರು ಅವರಿಗೂ ಗೊತ್ತಿರಲಿಲ್ಲ. ಏನೋ ಕೆಟ್ಟದ್ದಾಗುತ್ತಿದೆ ಅನ್ನೋದು ಗೊತ್ತಿತ್ತು, ಅಷ್ಟಕ್ಕೇ ತೀರ್ಮಾನ ತೆಗೆದುಕೊಂಡರು. ಒಟಿಟಿಯಲ್ಲಿ ಆ ರಾತ್ರಿಯ ಸರಣಿ ನೋಡಿದವರಿಗೆ ಈ ಕಥೆ ಗೊತ್ತಿರಬಹುದು.

ಹಳೇ ಕಾಲ, ಈಗ ಹಾಗಾಗಲ್ಲ ಅಂತೀರಾ? 2020ರ ಮೇ 7, ಲಾಕ್‌ಡೌನ್ ಸಮಯ. ಬೆಳಗಿನ ಜಾವ ಮೂರರ ಹೊತ್ತಿಗೆ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಸೋರಿ, ಮಗ್ಗುಲಿನ ವೆಂಕಟಾಪುರಂ ಹಳ್ಳಿಯ ಮೇಲೆ ಹರಡಿತು. ಇದು ಗಾಳಿಗಿಂತ ಮೂರೂವರೆ ಪಟ್ಟು ಭಾರ. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಂಧ್ರ ಸರ್ಕಾರ ನೇಮಿಸಿದ ಸಮಿತಿ ತನಿಖೆ ಮಾಡಿ ಏನು ಹೇಳಿತು ಗೊತ್ತಾ? ಕಾರ್ಖಾನೆಯಲ್ಲಿ 36 ಕಡೆ ಸೈರನ್ ಒತ್ತುವ ಗುಂಡಿ ಇತ್ತು, ಒಂದು ಗೇಟಿನ ಹತ್ತಿರವೇ ಇತ್ತು. ಯಾರೂ ಒತ್ತಲಿಲ್ಲ.

ಎರಡೂ ಕಡೆ ಯಂತ್ರ ಕೆಟ್ಟ ಕಾರಣ ಬೇರೆ ಬೇರೆ. ಆದರೆ ಜನ ಸತ್ತ ಕಾರಣದಲ್ಲಿ ಒಂದು ಪಾಲು ಒಂದೇ: ಗೊತ್ತಿದ್ದವರು ಉಸಿರಾಡುವವರಿಗೆ ಹೇಳಲಿಲ್ಲ.

ಕಾನೂನು ಇದೆ, ನಮಗೆ ಗೊತ್ತಿಲ್ಲ

ಭೋಪಾಲ್ ಆದ ಮೇಲೆ ದೇಶ ಸುಮ್ಮನೆ ಕೂರಲಿಲ್ಲ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ಗೊತ್ತುಮಾಡಿದ ಪ್ರಮಾಣಕ್ಕಿಂತ ಹೆಚ್ಚು ಇಂಥ ರಾಸಾಯನಿಕ ಇಟ್ಟುಕೊಂಡಿರುವ ಕಾರ್ಖಾನೆಗಳು ಒಳಗಿನ ತುರ್ತು ಯೋಜನೆ ಮಾಡಿರಬೇಕು. ಕಾಂಪೌಂಡಿನ ಹೊರಗಿನ ಜನರಿಗಾಗಿ ಆಡಳಿತ ಒಂದು ಯೋಜನೆ ಮಾಡಿರಬೇಕು, ಅದರ ಅಣಕು ಕಾರ್ಯಾಚರಣೆಯೂ ಆಗಬೇಕು. ನೆರೆಯವರಿಗೆ ಏನು ಅವಘಡ ಆಗಬಹುದು, ಆದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲೇ ತಿಳಿಸಿರಬೇಕು. 1996ರ ನಿಯಮದ ಪ್ರಕಾರ ಜಿಲ್ಲೆಗೊಂದು, ಕೈಗಾರಿಕಾ ಪ್ರದೇಶಕ್ಕೊಂದು ತುರ್ತು ನಿರ್ವಹಣಾ ಗುಂಪು ಇರಬೇಕು.

ನಾನು ಆ ಬಡಾವಣೆಗೆ ಬಂದು ನಾಲ್ಕು ವರ್ಷ. ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಇದೆ. ಬೆನ್ನಿಗಿರುವ ಕಾರ್ಖಾನೆಗಳಲ್ಲಿ ಏನಿದೆ, ಸೈರನ್ ಹೇಗೆ ಕೂಗುತ್ತೆ, ಕೂಗಿದರೆ ಎತ್ತ ಹೋಗಬೇಕು ಅಂತ ಒಬ್ಬರೂ ಹೇಳಿಲ್ಲ. ನಾನೂ ಕೇಳಿಲ್ಲ. ಇನ್ನು ಆ ರಾತ್ರಿ ಉರಿದ ಗುಜರಿ ಗೋಡೌನಿನಂಥವು ಈ ನಿಯಮಗಳ ಲೆಕ್ಕಕ್ಕೆ ಬರುವುದೇ ಕಷ್ಟ. 2020ರ ನವೆಂಬರ್‌ನಲ್ಲಿ ಮೈಸೂರು ರಸ್ತೆಯ ಹೊಸಗುಡ್ಡದಹಳ್ಳಿಯಲ್ಲಿ ಬೆಂಕಿ ಬಿದ್ದದ್ದು ಮನೆಗಳ ನಡುವೆಯೇ ಇದ್ದ ರಾಸಾಯನಿಕ ಗೋಡೌನಿಗೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯೇ ಹೊತ್ತಿಕೊಂಡಾಗ ಆರಿಸಲು ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಇಳಿಯಬೇಕಾಯಿತು. ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ 2023ರ ಮಾರ್ಚ್ 2ಕ್ಕೆ ಹೊತ್ತಿಕೊಂಡು ಪೂರ್ತಿ ಆರಲು ಹತ್ತು ದಿನದ ಮೇಲಾಯಿತು. ಮನೆಯೊಳಗಿರಿ, ಎನ್‌95 ಹಾಕಿ ಅಂತ ಊರಿಗೆ ಊರಿಗೇ ಹೇಳಬೇಕಾಯಿತು. ಕೆರೆ, ಕಸ, ಗೋಡೌನು ಯಾವುದೂ ನಾವು ನೀವು ಕಾರ್ಖಾನೆ ಅಂತ ಗುರುತಿಟ್ಟು ಎಚ್ಚರವಾಗಿರುವ ಜಾಗಗಳಲ್ಲ.

ಮೊದಲ ಹತ್ತು ನಿಮಿಷ

ನಾನು ಕೆಲಸ ಮಾಡುವುದು ಆನ್‌ಲೈನ್ ಪಾವತಿಯ ಸಾಫ್ಟ್‌ವೇರಿನಲ್ಲಿ. ರಾತ್ರಿ ಮೂರಕ್ಕೆ ಐದು ನಿಮಿಷ ಸರ್ವರ್ ಕೈಕೊಟ್ಟರೆ ಮೊದಲು ಯಾರ ಫೋನ್ ಹೊಡೆದುಕೊಳ್ಳಬೇಕು, ಅವರು ಎತ್ತದಿದ್ದರೆ ಯಾರದ್ದು, ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಎಲ್ಲಕ್ಕೂ ಬರೆದಿಟ್ಟ ರನ್‌ಬುಕ್ ಇದೆ. ಕಾರಣ ಹುಡುಕೋದು ಆಮೇಲೆ. ಮೊದಲು ತೊಂದರೆ ತಡಿ, ಗೊತ್ತಿರುವಷ್ಟನ್ನು ಹೇಳು. ಯಾರದ್ದೋ ಪಿಜ್ಜಾ ಆರ್ಡರಿಗೆ ಇಷ್ಟೊಂದು ತಯಾರಿ ಮಾಡಿಕೊಳ್ಳುವ ನಮಗೆ ನಮ್ಮ ಬೀದಿಯ ಉಸಿರಿಗೆ ಒಂದು ಹಾಳೆ ಇರಲಿಲ್ಲ. ಹಾಗಾಗಿ ಬರೆದೆ. ಫ್ರಿಜ್ ಮೇಲೆ ಅಂಟಿಸಿದ್ದೇನೆ. ನಿಮಗೂ ಬೇಕಾದರೆ ಸ್ಕ್ರೀನ್‌ಶಾಟ್ ತಗೊಳ್ಳಿ:

1. ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡು. ಒಣಗಿಹಾಕಿದ ಬಟ್ಟೆ, ಬಾವುಟ, ಮರದ ಎಲೆ ಸಾಕು. ಹೋಗಲೇಬೇಕಾದರೆ ಗಾಳಿಗೆ ಅಡ್ಡವಾಗಿ ಹೋಗು. ಹೊಗೆಯ ಜೊತೆಜೊತೆಗೆ ಓಡಬೇಡ.

2. ಬಿಟ್ಟು ಹೊರಡಿ ಅಂತ ಪೊಲೀಸರೋ ಅಗ್ನಿಶಾಮಕದವರೋ ಹೇಳಿದರೆ ಹೊರಡು. ಏನೂ ತಿಳಿಯದಿದ್ದರೆ, ಹೊರಗೆ ಆಗಲೇ ವಿಷ ತುಂಬಿದ್ದರೆ, ಒಳಗೇ ಇರು. ಕಿಟಕಿ, ಬಾಗಿಲು, ವೆಂಟಿಲೇಟರ್ ಮುಚ್ಚು. ಸಂದಿಗೆ ಟೇಪು, ಒದ್ದೆ ಟವೆಲ್ಲು. ಎಕ್ಸಾಸ್ಟ್ ಫ್ಯಾನು, ಅಡುಗೆಮನೆ ಚಿಮಣಿ ಆಫ್. ಹೊರಗಿನ ಗಾಳಿ ಎಳೆಯುವ ಎಸಿಯೂ ಆಫ್. ಕಿಟಕಿ ಕಡಿಮೆ ಇರುವ ಒಂದು ರೂಮಿನಲ್ಲಿ ಎಲ್ಲರೂ ಸೇರಿ. ಬೆಂಕಿ ನಿಮ್ಮ ಕಟ್ಟಡಕ್ಕೇ ಬಿದ್ದಿದ್ದರೆ ಇದು ಅನ್ವಯಿಸಲ್ಲ, ಮೆಟ್ಟಿಲು ಹಿಡಿದು ಹೊರಗೆ ಬಾ.

3. ಬೇಸ್‌ಮೆಂಟಿಗೆ ಇಳಿಯಬೇಡ. ಅನೇಕ ವಿಷಾನಿಲಗಳು ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತವೆ. ಅಂಥ ಹೊತ್ತಿನಲ್ಲಿ ಮೇಲಿನ ಮಹಡಿ ವಾಸಿ.

4. ಎನ್‌95 ಮಾಸ್ಕು ಹೊಗೆಯ ಕಣ ತಡೆಯುತ್ತದೆ. ಅನಿಲ ತಡೆಯುವುದಿಲ್ಲ. ಬೇರೇನೂ ಇಲ್ಲದಾಗ ಒದ್ದೆ ಬಟ್ಟೆ, ಕ್ಲೋರಿನ್, ಅಮೋನಿಯದಂಥ ನೀರಲ್ಲಿ ಕರಗುವ ಅನಿಲಕ್ಕೆ ಸ್ವಲ್ಪ ಸಹಾಯ. ಅದನ್ನು ಕಟ್ಟಿಕೊಂಡು ಹೊರಗೆ ಸುತ್ತಾಡಬಹುದು ಅಂತ ಅರ್ಥ ಅಲ್ಲ.

5. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ಒಗ್ಗರಣೆ ಬೇಡ. (ಅಮ್ಮ ಓದಲಿ ಅಂತ ದಪ್ಪ ಅಕ್ಷರದಲ್ಲಿ.)

6. ಇನ್‌ಹೇಲರ್, ಬಿಪಿ ಮಾತ್ರೆ, ನೀರು, ಟಾರ್ಚು, ಚಾರ್ಜ್ ಆದ ಫೋನು ಒಂದೇ ಕಡೆ. ತುರ್ತಿಗೆ 112.

7. ಹೊರಗಿನ ಗಾಳಿ ತಿಳಿಯಾಯಿತು ಅಂತ ಖಾತ್ರಿಯಾದ ಮೇಲೆ ಎಲ್ಲಾ ಕಿಟಕಿ ತೆಗೆ. ಒಳಗೆ ಸೇರಿಕೊಂಡದ್ದು ತಾನಾಗಿ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಇದು ಹೊರಗಿನಿಂದ ಬರುವ ವಿಷಕ್ಕೆ ಮಾತ್ರ. ಮನೆಯೊಳಗೇ ಅಡುಗೆ ಗ್ಯಾಸ್ ಸೋರಿದರೆ ಪೂರಾ ಉಲ್ಟಾ. ಕಿಟಕಿ ಬಾಗಿಲು ತೆಗೆಯಬೇಕು, ಯಾವ ಸ್ವಿಚ್ಚೂ ಮುಟ್ಟಬಾರದು.

ಎಂಟನೇ ಸಾಲು

ಈ ಏಳು ಸಾಲು ಬರೆದು ಅಮ್ಮನಿಗೆ ಓದಿ ಹೇಳಿದೆ. "ಎಲ್ಲಾ ಸರಿ, ಶೆಡ್ಡಿನವರು ಯಾವ ಕಿಟಕಿ ಮುಚ್ಚಬೇಕು?" ಅಂದರು.

ಒಳಗಿರಿ ಅನ್ನೋ ಸಲಹೆಗೆ ಮೊದಲು ಒಂದು 'ಒಳಗೆ' ಬೇಕು. ನಮ್ಮೂರಿನಲ್ಲಿ ಫ್ಯಾಕ್ಟರಿ ಗೋಡೆಗೆ, ಗೋಡೌನಿಗೆ, ಕಸದ ರಾಶಿಗೆ ತೀರಾ ಹತ್ತಿರ ಇರುವವರು ಯಾರು ಅಂತ ಒಮ್ಮೆ ಯೋಚಿಸಿ. ತಗಡಿನ ಶೆಡ್ಡಿನವರು. ಭೋಪಾಲಿನಲ್ಲೂ ಮೊದಲು ಉಸಿರುಕಟ್ಟಿದ್ದು ಕಾರ್ಖಾನೆಗೆ ಅಂಟಿದ ಬಸ್ತಿಯವರಿಗೇ. ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವರ ನಂಬರು ಇರುವುದಿಲ್ಲ. ನಮ್ಮ ಗ್ರೂಪಿನ ಹೆಸರಿನಲ್ಲೇ 'ನಿವಾಸಿಗಳು' ಅಂತ ಇದೆ. ನಾಲ್ಕು ವರ್ಷದಿಂದ ಅಲ್ಲೇ ಪಕ್ಕದಲ್ಲಿ ಒಂದು ಸೈಟಿಂದ ಇನ್ನೊಂದಕ್ಕೆ ಹೋಗುತ್ತಾ ಬದುಕುತ್ತಿರುವ ವಾಚ್‌ಮನ್ ಅಣ್ಣ ಅದರಲ್ಲಿ ಇಲ್ಲ.

ಹೋದ ತಿಂಗಳು ಬಡಾವಣೆಯ ಸಭೆಯಲ್ಲಿ ಈ ವಿಷಯ ಎತ್ತಿದೆ. ಕಾರ್ಖಾನೆಗಳ ತುರ್ತು ಯೋಜನೆ ಏನು ಅಂತ ಅರ್ಜಿ ಹಾಕೋಣ ಅಂದೆ. "ಸುಮ್ನೆ ಯಾಕ್ರೀ? ಇದು ಪೇಪರಿಗೆ ಹೋದ್ರೆ ಸೈಟಿನ ರೇಟು ಬೀಳುತ್ತೆ" ಅಂದರು ಒಬ್ಬ ಹಿರಿಯರು. ಕೆಲವರು ತಲೆಯಾಡಿಸಿದರು. ಅವರ ಮೇಲೆ ನನಗೆ ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದರೆ, ಬಾಲ್ಕನಿಯಲ್ಲಿ ವಿಡಿಯೋ ಮಾಡುತ್ತಾ ನಿಂತವನು ನಾನೇ ತಾನೇ? ಅರ್ಜಿಗೆ ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ, ಕೊಟ್ಟಿದ್ದೇವೆ. ಉತ್ತರ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.

ಅಲ್ಲಿಯವರೆಗೆ ಮೂರು ಕೆಲಸ ಮಾಡಿದ್ದೇವೆ. ಒಂದು, ಉಬ್ಬಸ ಇರುವವರು, ಒಬ್ಬರೇ ಇರುವ ಹಿರಿಯರು, ಪುಟ್ಟ ಮಕ್ಕಳಿರುವ ಮನೆಗಳ ಪಟ್ಟಿ. ಯಾರ ಬಾಗಿಲು ಯಾರು ಬಡಿಯಬೇಕು ಅಂತ ಹೆಸರು ಸಮೇತ ಬರೆದಿದೆ. ಎರಡು, ಸುತ್ತಲಿನ ಐದು ಶೆಡ್ಡುಗಳಿಗೆ ಐದು ಮನೆ ಗೊತ್ತುಮಾಡಿದ್ದೇವೆ. ಬೆಲ್ ಮಾಡದೆಯೂ ಮೇಲೆ ಬರಬಹುದು ಅಂತ ಅವರಿಗೆ ಮೊದಲೇ ಹೇಳಿದ್ದೇವೆ. ಕಬ್ಬಿಣ ಕಳುವಾದರೆ ಅಣ್ಣನನ್ನು ಕೇಳಬಾರದು ಅಂತ ಸೈಟಿನ ಓನರ್ ಹತ್ತಿರವೂ ಮಾತಾಡಿದ್ದೇವೆ. ಅವರು 'ಹೂಂ' ಅಂದಿದ್ದಾರೆ, ಆ ರಾತ್ರಿ ಬಂದಾಗ ಗೊತ್ತಾಗುತ್ತೆ. ಮೂರು, ಗ್ರೂಪಿನಲ್ಲಿ ತುರ್ತಿಗೆ ಬರೆಯುವವರು ಇಬ್ಬರೇ. ಉಳಿದವರು ಆ ಹೊತ್ತಿನಲ್ಲಿ ಓದಬೇಕು ಅಷ್ಟೇ. ಇದನ್ನು ಒಪ್ಪಿಸುವುದು ಮಾತ್ರ ಅರ್ಜಿಗಿಂತ ಕಷ್ಟವಾಯಿತು!

ಫ್ರಿಜ್ ಮೇಲಿನ ಹಾಳೆಯಲ್ಲಿ ಈಗ ಎಂಟನೇ ಸಾಲೂ ಇದೆ. 'ಟೇಪ್ ಅಂಟಿಸುವ ಮೊದಲು ಕೆಳಗೆ ನೋಡು.' ಅಮ್ಮ ಊರಿಗೆ ಹೋಗುವ ಮುಂಚೆ ತಮ್ಮ ಕೈಯಲ್ಲೇ ಬರೆದದ್ದು.

ನಿಮ್ಮ ಮನೆಯ ಬೆನ್ನಿಗೆ ಏನಿದೆ? ಕಾರ್ಖಾನೆಯೋ, ಗೋಡೌನೋ, ಕಸದ ರಾಶಿಯೋ, ಐಸ್ ಫ್ಯಾಕ್ಟರಿಯ ಅಮೋನಿಯ ಸಿಲಿಂಡರೋ? ಈ ಭಾನುವಾರ ಒಂದು ಸುತ್ತು ನಡೆದು ನೋಡಿ ಬನ್ನಿ. ಯಾವ ಬಾಗಿಲು ಬಡಿಯಬೇಕು ಅನ್ನೋದನ್ನೂ ಅದೇ ಸುತ್ತಿನಲ್ಲಿ ಗುರುತು ಮಾಡಿಕೊಳ್ಳಿ. ನೋಡಿದ್ದನ್ನು ನನಗೆ ಬರೆದು ತಿಳಿಸಿ.